ರೀಕಾಲ್ ಪತ್ರ ಬರುತ್ತದೆ, ಒಟಿಯಲ್ಲಿ ಯಂತ್ರ ಸಿಗುವುದಿಲ್ಲ

ಆಪರೇಷನ್ ಥಿಯೇಟರಿನ (ಒಟಿ) ಯಂತ್ರದಲ್ಲಿ ದೋಷ ಕಂಡು ಕಂಪನಿ ರೀಕಾಲ್, ಅಂದರೆ ಸರಿಪಡಿಸುವ ಇಲ್ಲವೇ ಹಿಂತೆಗೆದುಕೊಳ್ಳುವ ಸೂಚನೆ, ಹೊರಡಿಸಿದರೂ ಬಹಳ ಸಲ ಯಂತ್ರ ಇದ್ದ ಜಾಗದಲ್ಲೇ ಇರುತ್ತದೆ. ಎಂಜಿನಿಯರ್ ಬಂದು ಒಂದು ವಾಲ್ವ್ ಬದಲಿಸುತ್ತಾನೆ, ಹೊಸ ಸಾಫ್ಟ್‌ವೇರ್ ಹಾಕಿ ಹೋಗುತ್ತಾನೆ. ಕೆಲವೊಮ್ಮೆ ಎಚ್ಚರಿಕೆಯ ಪತ್ರವಷ್ಟೇ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರಲ್ಲಿ ಮೂರು ದರ್ಜೆ ಮಾಡಿದೆ. ಪ್ರಾಣಕ್ಕೇ ಕುತ್ತು ತರಬಲ್ಲ ದೋಷಗಳು ಮೊದಲ ದರ್ಜೆಯವು. ನಮ್ಮ ಕಡೆ ಗೋಜಲು ಬೇರೆಯದೇ. ಲೈಸೆನ್ಸ್ ದಿಲ್ಲಿಯದು, ಟೆಂಡರ್ ಬೆಂಗಳೂರಿನದು, ಸರ್ವಿಸ್ ಮಾಡುವವರು ಹೈದರಾಬಾದಿನಲ್ಲಿ, ಯಂತ್ರ ಮಾತ್ರ ಯಾದಗಿರಿಯಲ್ಲಿ.

ಆಪರೇಷನ್ ಸುರಕ್ಷತೆಯ ಚರ್ಚೆ ಈ ಸೀಮೆಗೆ ಹೊಸದೇನಲ್ಲ. ಕಲಬುರಗಿ, ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದಾಗಲೇ, 1888 ಮತ್ತು 1889ರಲ್ಲಿ, ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಎಂದು ನೋಡಲು ಹೈದರಾಬಾದಿನಲ್ಲಿ ಆಯೋಗಗಳು ಕೂತಿದ್ದವು. ಖರ್ಚು ನಿಜಾಮರದು, ಪ್ರಯೋಗ ಹೆಚ್ಚಾಗಿ ನಾಯಿಗಳ ಮೇಲೆ. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ತೀರ್ಪು ಕೊಟ್ಟರು. ಅದು ತಪ್ಪೆಂದು ಸಾಬೀತಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆಮೇಲೆ 1940ರ ಔಷಧ ಕಾಯ್ದೆ ಬಂತು, ವಿಲೀನ ಆಯಿತು, ಏಕೀಕರಣ ಆಯಿತು. 2005ರಲ್ಲಿ ಸ್ಟೆಂಟ್, ಕ್ಯಾನುಲಾ, ಮೂಳೆ ಇಂಪ್ಲಾಂಟ್ ಮುಂತಾದ ಹತ್ತು ಬಗೆಯ ಸಾಧನಗಳನ್ನು ಕಾನೂನಿನಡಿ ತಂದರು. ಅರಿವಳಿಕೆ ಕೊಡುವ ಬಾಯಲ್ಸ್ ಮಷೀನ್, ಸುಟ್ಟು ರಕ್ತ ನಿಲ್ಲಿಸುವ ಕಾಟರಿ, ಒಟಿ ಲೈಟ್ ಆ ಪಟ್ಟಿಯಲ್ಲಿ ಇರಲಿಲ್ಲ.

ದೇಶದ ಕಣ್ಣು ತೆರೆಸಿದ್ದು ಯಂತ್ರವಲ್ಲ, ಕೃತಕ ಸೊಂಟದ ಕೀಲು. 2010ರ ಆಗಸ್ಟ್‌ನಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ ತನ್ನ ಕೀಲನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಭಾರತದಲ್ಲಿ ಅಂಥ ಸುಮಾರು 4,700 ಆಪರೇಷನ್ ಆಗಿದ್ದವು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಅಷ್ಟರಲ್ಲಿ 3,600ಕ್ಕೂ ಹೆಚ್ಚು ರೋಗಿಗಳ ಪತ್ತೆಯೇ ಇರಲಿಲ್ಲ. ದೇಹದೊಳಗೆ ಕೂತ ವಸ್ತುವಿನ ಗತಿಯೇ ಇದಾದರೆ, ಟ್ರಾಲಿ ಮೇಲೆ ಉರುಳಾಡುವ ಯಂತ್ರದ್ದು ಏನು ಹೇಳುವುದು.

ಕಾನೂನಿನ ಹೆಜ್ಜೆಗಳು ಮಾತ್ರ 2015ರಿಂದ ಬೇಗ ಬಿದ್ದವು. ಆ ವರ್ಷ ಸಾಧನಗಳಿಂದಾಗುವ ಅನಾಹುತ ದಾಖಲಿಸುವ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. 2017ರ ವೈದ್ಯಕೀಯ ಸಾಧನಗಳ ನಿಯಮ ರೀಕಾಲ್‌ನ ಹೊಣೆಯನ್ನು ತಯಾರಕರ ಮತ್ತು ಅವರ ಅಧಿಕೃತ ಏಜೆಂಟರ ಮೇಲೆ ಹಾಕಿತು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಲೆಕ್ಕದಲ್ಲಿ 'ಔಷಧ'ವೇ ಆದವು. ಕಡಿಮೆ ಅಪಾಯದವುಗಳಿಗೆ 2022ರ ಅಕ್ಟೋಬರ್‌ನಿಂದ, ಹೆಚ್ಚಿನ ಅಪಾಯದವುಗಳಿಗೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯ. ಕಾಗದದ ಮೇಲೆ ಇದರಲ್ಲಿ ಕೊಂಕು ತೆಗೆಯುವಂಥದ್ದು ಕಡಿಮೆ.

ತೊಡಕು ಶುರುವಾಗುವುದು ಒಟಿ ಬಾಗಿಲಲ್ಲಿ. ರೀಕಾಲ್ ಪತ್ರದಲ್ಲಿ ಇರುವುದು ಮಾಡೆಲ್ ಮತ್ತು ಸೀರಿಯಲ್ ನಂಬರ್. ಆಸ್ಪತ್ರೆಯ ಸ್ಟಾಕ್ ರಿಜಿಸ್ಟರಿನಲ್ಲಿ ಇರುವುದು 'ಅನಸ್ತೇಷಿಯಾ ಮಷೀನ್ – 1' ಎಂಬ ಸಾಲು, ಬಂದ ತಾರೀಖು, ಒಂದು ಸಹಿ. ಯಂತ್ರದ ಬೆನ್ನಿಗೆ ಅಂಟಿಸಿದ ಸೀರಿಯಲ್ ನಂಬರಿನ ಚೀಟಿ ದಿನಾ ಬ್ಲೀಚಿಂಗ್ ನೀರಲ್ಲಿ ಒರೆಸಿ ಒರೆಸಿ ಬೆಳ್ಳಗಾಗಿರುತ್ತದೆ. ಪಕ್ಕದಲ್ಲಿ ಕೆಂಪು ಪೇಂಟಿನಲ್ಲಿ 'ಒಟಿ-2' ಎಂದು ಬರೆದದ್ದು ಮಾತ್ರ ಗಟ್ಟಿ. ಇನ್ನು ಅರಿವಳಿಕೆ ಔಷಧವನ್ನು ಆವಿ ಮಾಡುವ ವೇಪೊರೈಸರ್ ಕಳಚಿ ತೆಗೆಯಬಹುದಾದ ಭಾಗ. ಅದಕ್ಕೆ ಅದರದೇ ಸೀರಿಯಲ್ ನಂಬರ್. ಒಂದು ಕೆಟ್ಟರೆ ಪಕ್ಕದ ಒಟಿಯದು ತಂದು ಕೂರಿಸುತ್ತಾರೆ. ವೇಪೊರೈಸರ್ ರೀಕಾಲ್ ಆದರೆ ರಿಜಿಸ್ಟರ್ ಹಿಡಿದು ಹುಡುಕುವುದಾದರೂ ಹೇಗೆ? "ಮಷೀನ್ ಛಲೋ ನಡೀಲಿಕತ್ತದ ಅಲ್ರೀ" ಎಂಬ ಉತ್ತರ ಸಿಗುತ್ತದೆ. ಅದು ಸುಳ್ಳೂ ಅಲ್ಲ: ರೀಕಾಲ್ ಆದ ಯಂತ್ರ ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತದೆ, ಕೈಕೊಡುವುದು ಸಾವಿರಕ್ಕೊಂದು ಸಲ ಇರಬಹುದು.

ದಾನವಾಗಿ ಬಂದ ಯಂತ್ರಗಳ ಕಥೆ ಇನ್ನೂ ಬೇರೆ. ಕೋವಿಡ್ ಕಾಲದಲ್ಲಿ ಸರ್ಕಾರ ಕೊಟ್ಟಿದ್ದು, ಕಂಪನಿಗಳು ಸಿಎಸ್‌ಆರ್ ಹಣದಲ್ಲಿ ಕೊಟ್ಟಿದ್ದು ಎಲ್ಲವೂ ಒಟ್ಟೊಟ್ಟಿಗೆ ಬಂದವು. ಬಿಲ್ ದಾನಿಯ ಹೆಸರಲ್ಲಿ, ಯಂತ್ರ ಆಸ್ಪತ್ರೆಯಲ್ಲಿ. ಪತ್ರ ಹೋಗುವುದು ಬಿಲ್ ಇರುವ ವಿಳಾಸಕ್ಕೆ. 2021ರ ಜೂನ್‌ನಲ್ಲಿ ಒಂದು ವಿದೇಶಿ ಕಂಪನಿ, ಒಳಗಿನ ಫೋಮ್ ಪುಡಿಯಾಗುತ್ತಿದೆಯೆಂದು ಲಕ್ಷಾಂತರ ಉಸಿರಾಟದ ಯಂತ್ರಗಳನ್ನು ರೀಕಾಲ್ ಮಾಡಿದಾಗ, ಸೀರಿಯಲ್ ನಂಬರ್ ಕೊಟ್ಟು ನೋಂದಾಯಿಸಿ ಎಂದು ಬಳಕೆದಾರರನ್ನೇ ಕೇಳಿತ್ತು.

ಕೇಂದ್ರದ ನಿರ್ವಹಣಾ ಯೋಜನೆಗಾಗಿ ಸರ್ಕಾರಿ ಆಸ್ಪತ್ರೆಗಳ ಯಂತ್ರಗಳನ್ನು ಎಣಿಸಿದಾಗ ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ 34ರಷ್ಟು ಕೆಟ್ಟು ಕೂತಿದ್ದವು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆ ಹಣ ಬಂದಿದೆ, ಬೀದರ್ ಜೊತೆಗೆ ಕಲಬುರಗಿ, ಯಾದಗಿರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಹೊಸ ಯಂತ್ರಕ್ಕೆ ರಿಬ್ಬನ್ ಕಟ್ಟುತ್ತಾರೆ. ಅದರ ನಂಬರ್ ಬರೆದಿಡುವ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ.

ಔಷಧದಲ್ಲಿ ಈ ತಾಪತ್ರಯ ಕಡಿಮೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ, ಅನುಮಾನ ಬಂದ ಐವಿ ದ್ರಾವಣದ ಬಳಕೆಯನ್ನು ರಾಜ್ಯದಾದ್ಯಂತ ತಡೆಹಿಡಿದರು. ತಡವಾಯಿತೇ ಎಂಬುದು ಬೇರೆ ಜಗಳ. ಆದರೆ ಬಾಟಲಿ ಮೇಲೆ ಬ್ಯಾಚ್ ನಂಬರ್ ಇತ್ತು, ಗೋದಾಮಿನ ಲೆಕ್ಕದಲ್ಲೂ ಇತ್ತು.

ಯಂತ್ರದಿಂದ ತೊಂದರೆಯಾದರೆ ವರದಿ ಮಾಡಲು ಡಾಕ್ಟರೇ ಆಗಬೇಕಿಲ್ಲ. ಒಟಿ ಟೆಕ್ನಿಷಿಯನ್, ಸ್ಟಾಫ್ ನರ್ಸ್, ಬಯೋಮೆಡಿಕಲ್ ಎಂಜಿನಿಯರ್, ರೋಗಿಯ ಕಡೆಯವರು ಯಾರು ಬೇಕಾದರೂ ಮೆಟೀರಿಯೋವಿಜಿಲೆನ್ಸ್ ಫಾರಂ ತುಂಬಿ ಕಳಿಸಬಹುದು. ಟೋಲ್ ಫ್ರೀ ನಂಬರ್ 1800-180-3024.