ಅರ್ಧ ಬಿಟ್ಟ ಕಾಗದ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಅಭ್ಯಾಸ ಮಾಡಿಸುವವಳು. ಬೆಳಗಿನ ಹೊತ್ತು ನನ್ನ ಬಳಿ ಪೆನ್ಸಿಲ್ ಹಿಡಿಯಲು ಒದ್ದಾಡುವ ಮಕ್ಕಳು ಬರುತ್ತಾರೆ. ಮಧ್ಯಾಹ್ನದ ಮೇಲೆ ಬೆರಳಗಂಟು ನೋಯುವ, ಕೈ ನಡುಗುವ, ಪಾರ್ಶ್ವವಾಯು ಆದಮೇಲೆ ಮತ್ತೆ ಅಕ್ಷರ ತಿದ್ದುವ ಹಿರಿಯರು. ಇಬ್ಬರಿಗೂ ಅದೇ ಮೇಜು, ಅದೇ ಗೆರೆ ಹಾಕಿದ ಹಾಳೆ.

ಕೆಲವು ವರ್ಷದ ಹಿಂದೆ ಒಬ್ಬ ತಾತ ಬರುತ್ತಿದ್ದರು. ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಲ್ಲಿ ಬರೆಯುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ. ಅವರಿಗೋ ಆ ಹಾಳೆ ಕಂಡರೆ ಬೇಸರ. "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಬರೀಬೇಕು?" ಎನ್ನುತ್ತಿದ್ದರು. 6 ವರ್ಷದ ಮೊಮ್ಮಗಳು ದೂರದಲ್ಲಿದ್ದಳು. ಅವಳಿಗೇ ಬರೆಯಿರಿ ಎಂದೆ. ಇಪ್ಪತ್ತು ನಿಮಿಷ ಕೂತು ಮೂರು ಸಾಲು ಬರೆದರು: "ಪುಟ್ಟಿ, ಎಡಗೈಲಿ ಬರೀತಾ ಇದ್ದೀನಿ. ಕ ನೆಟ್ಟಗೆ ಬರ್ತಾ ಇಲ್ಲ. ಹೇಗೆ ಬರೆಯೋದು ಅಂತ ತೋರಿಸ್ತೀಯಾ?"

ಹತ್ತು ದಿನಕ್ಕೆ ಉತ್ತರ ಬಂತು. ಹಾಳೆ ತುಂಬ ಬರೀ ಕ. ಮೊದಲ ಸಾಲಿನ ಕ ಬೆರಳುದ್ದ ಇತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಇರುವೆಯಷ್ಟಾಗಿತ್ತು. ಒಂದು ಕ ಪಕ್ಕ ಕೆಂಪು ಕ್ರೇಯಾನಿನಲ್ಲಿ ಬಾಣದ ಗುರುತು. ಅದರ ಕೆಳಗೆ, "ಇಲ್ಲಿಂದ ಶುರು ಮಾಡು ತಾತ." ಆ ಹಾಳೆಯನ್ನು ಅವರು ಷರ್ಟಿನ ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಅಭ್ಯಾಸ ಮಾಡಿ ಎಂದು ನಾನು ಮತ್ತೆ ಹೇಳಬೇಕಾಗಲಿಲ್ಲ.

ತಾತನ ಮೂರು ಸಾಲಿನಲ್ಲಿ ಸುದ್ದಿ ಇರಲಿಲ್ಲ, ಬುದ್ಧಿಮಾತೂ ಇರಲಿಲ್ಲ. ಮಗುವಿಗೆ ಒಂದು ಕೆಲಸ ಇತ್ತು. ಅಜ್ಜ ಅಜ್ಜಿಯರು ಬರೆಯುವ ಕಾಗದ ಬಹಳ ಸಲ ಪೂರ್ತಿ ಮುಗಿದು ಹೋಗಿರುತ್ತದೆ. ನಾವು ಕ್ಷೇಮ, ಚೆನ್ನಾಗಿ ಓದು, ಅಪ್ಪ ಅಮ್ಮನ ಮಾತು ಕೇಳು, ಆಶೀರ್ವಾದ. ಓದಿದ ಮಗು ಇದಕ್ಕೆ ಏನಂತ ಉತ್ತರ ಬರೆಯಬೇಕು? ಪ್ರೀತಿ ಇಲ್ಲ ಅಂತಲ್ಲ. ಮಗುವಿಗೆ ಜಾಗ ಇಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಕಾಗದವನ್ನು ಅರ್ಧಕ್ಕೆ ಬಿಡಿ. ಉಳಿದರ್ಧ ಮೊಮ್ಮಗು ಮಾಡಲಿ.

ವೀಡಿಯೊ ಕಾಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕಾಲ್ ಬೇಡ ಎಂದು ನಾನು ಹೇಳುವುದಿಲ್ಲ, ಮುಖ ನೋಡುವ ಸುಖವೇ ಬೇರೆ. ಆದರೆ ಕಾಲ್‌ನಲ್ಲಿ ಮಗು ಆ ಕ್ಷಣಕ್ಕೇ ಮಾತಾಡಬೇಕು. ಹಿಂದಿನಿಂದ ಅಮ್ಮ "ಮಾತಾಡು, ಅಜ್ಜಿ ಕಾಯ್ತಿದ್ದಾರೆ" ಎನ್ನುತ್ತಾಳೆ. ನಾಚಿಕೆಯ ಮಕ್ಕಳು ಪರದೆಯಿಂದ ಜಾರಿ ಹೋಗುತ್ತವೆ. ಕಾಗದಕ್ಕೆ ಅವಸರ ಇಲ್ಲ. ದಿಂಬಿನ ಕೆಳಗಿಡಬಹುದು, ಮೂರು ದಿನ ಬಿಟ್ಟು ಮತ್ತೆ ತೆಗೆದು ನೋಡಬಹುದು.

"ಏನು ಬರೆಯಲಿ? ನಮ್ಮನೇಲಿ ಹೊಸದೇನೂ ನಡೆಯಲ್ಲ" ಎನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. 1893ರ ಸೆಪ್ಟೆಂಬರ್‌ನಲ್ಲಿ ಬಿಯಾಟ್ರಿಕ್ಸ್ ಪಾಟರ್ ಎಂಬ ಇಂಗ್ಲಿಷ್ ಮಹಿಳೆಗೂ ಹೀಗೇ ಆಗಿತ್ತು. ತಮಗೆ ಪಾಠ ಹೇಳಿಕೊಟ್ಟಿದ್ದಾಕೆಯ 5 ವರ್ಷದ ಮಗ ಕಾಯಿಲೆ ಬಿದ್ದಿದ್ದ. ಏನು ಬರೆಯಬೇಕೋ ತಿಳಿಯುತ್ತಿಲ್ಲ ಎಂದು ಕಾಗದದಲ್ಲೇ ಹೇಳಿ, ನಾಲ್ಕು ಮೊಲದ ಮರಿಗಳ ಕತೆಯನ್ನು ನಡುನಡುವೆ ಚಿತ್ರ ಬಿಡಿಸುತ್ತಾ ಬರೆದು ಕಳಿಸಿದರು. ಹುಡುಗ ಆ ಕಾಗದವನ್ನು ವರ್ಷಗಟ್ಟಲೆ ಜೋಪಾನ ಮಾಡಿದ್ದ. ಆಮೇಲೆ ಪಾಟರ್ ಅದನ್ನು ಅವನಿಂದ ಎರವಲು ಪಡೆದೇ ಪುಸ್ತಕ ಮಾಡಿದ್ದು. 1902ರಲ್ಲಿ ಪ್ರಕಾಶಕರು ಹೊರತಂದ ಆ ಮೊಲದ ಕತೆ ಇವತ್ತಿಗೂ ಮಕ್ಕಳ ಕೈಯಲ್ಲಿದೆ. ನಮಗೆ ಪುಸ್ತಕ ಆಗಬೇಕಿಲ್ಲ. ಹೇಳಲು ಏನೂ ಇಲ್ಲ ಅನ್ನಿಸಿದಾಗ ಒಂದು ಮೊಲ ಸಾಕು, ಅಷ್ಟೇ. ಅಥವಾ ಕಿಟಕಿಯ ಮೂಲೆಯಲ್ಲಿ ಬಲೆ ಕಟ್ಟುತ್ತಿರುವ ಜೇಡ. "ನಿನ್ನೆ ಆರು ಎಳೆ ಇತ್ತು, ಇವತ್ತು ಹನ್ನೊಂದು. ಇದಕ್ಕೆ ಹೆಸರಿಟ್ಟಿಲ್ಲ, ನೀನೇ ಇಡು." ಮಗುವಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಿಲ್ಲ.

ಇನ್ನು ವಯಸ್ಸು. ನನ್ನ ಕಸುಬಿನ ಒಂದು ಲೆಕ್ಕ ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಸುಮಾರು 3 ವರ್ಷಕ್ಕೆ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ. 4ರ ಹೊತ್ತಿಗೆ ಕೂಡಿಸುವ ಗುರುತು ಬರುತ್ತದೆ. ತ್ರಿಕೋನ ಬರಲು 5 ಆಗಬೇಕು. ಒಂದಿಷ್ಟು ಹಿಂದೆಮುಂದೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ಈ ಲೆಕ್ಕ ಇಟ್ಟುಕೊಂಡು ಚಿತ್ರ ಬಿಡಿಸಿ, ಮಗುವಿನ ಪಾಲು ಬಿಡಿ. 3 ವರ್ಷದವಳಿಗೆ ಚಕ್ರ ಇಲ್ಲದ ಬಸ್ಸು ಬರೆದು ಕಳಿಸಿ, ಚಕ್ರ ಅವಳು ಹಾಕಲಿ. 4 ವರ್ಷದವನಿಗೆ ಸರಳು ಇಲ್ಲದ ಕಿಟಕಿಗಳ ಮನೆ. 5 ವರ್ಷದವರಿಗೆ ಹಾಯಿ ಇಲ್ಲದ ದೋಣಿ. ನಿಮಗೆ ಚಿತ್ರ ಬರದಿದ್ದರೂ ನಡೆಯುತ್ತದೆ. ಬಸ್ಸು ಅಂದರೆ ಒಂದು ಉದ್ದ ಚೌಕ, ಅಲ್ವಾ?

ಓದು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಬರೆಯುವಾಗ ಜಾಸ್ತಿ ಎಚ್ಚರ ಬೇಕು. ಈ ವಯಸ್ಸಿನಲ್ಲಿ ಕಾಗದವನ್ನು ತಾನೇ ಓದಿದೆ ಎನ್ನುವ ಹೆಮ್ಮೆ ದೊಡ್ಡದು. ಅದನ್ನು ಅಪ್ಪ ಅಮ್ಮ ಓದಿ ಹೇಳುವಂತಾದರೆ ಅರ್ಧ ಸಂತೋಷ ಹೋಯಿತು. ನಮ್ಮ ತಲೆಮಾರಿನವರದು ಮೋಡಿ ಅಕ್ಷರ. ಕೈ ಎತ್ತದೆ ಬರೆದು ಅಭ್ಯಾಸ. ಮಗುವಿಗೆ ಅದು ಬರೀ ಗೀಚು. ಅಕ್ಷರ ಬಿಡಿಬಿಡಿಯಾಗಿ, ದುಂಡಗೆ, ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ ಬರೆಯಿರಿ. ಪದಗಳ ನಡುವೆ ಒಂದು ಬೆರಳು ಜಾಗ ಬಿಡಿ. ಒತ್ತಕ್ಷರ ಕಡಿಮೆ ಇರುವ ಮಾತು ಹುಡುಕಿ. ಸಾಲಿಗೆ ನಾಲ್ಕೈದು ಪದ ಸಾಕು. ಕಷ್ಟದ ಪದ ಬಂದ ಕಡೆ ಪದ ಬಿಟ್ಟು ಚಿತ್ರ ಹಾಕಿ. "ನಾನು" ಎಂದು ಬರೆದು ಕೊಡೆಯ ಚಿತ್ರ, ಆಮೇಲೆ "ಮರೆತು ಬಂದೆ". ಮಗು ಇದನ್ನು ನಿಂತಲ್ಲೇ ಜೋರಾಗಿ ಓದುತ್ತದೆ. ಮೊಮ್ಮಗುವಿಗೆ ನಿಮ್ಮ ಭಾಷೆಯ ಅಕ್ಷರ ಬರದಿದ್ದರೆ ಚಿತ್ರದ ಕಾಗದವೇ ದಾರಿ. ಒಂದೊಂದು ಕಾಗದದಲ್ಲಿ ಒಂದೊಂದೇ ಪದ ಕಲಿಸಬಹುದು, ವರ್ಷಕ್ಕೆ ಇಪ್ಪತ್ತಾಗುತ್ತದೆ.

8ರಿಂದ 11ರ ಮಕ್ಕಳಿಗೆ ಗುಟ್ಟು ಎಂದರೆ ಪ್ರಾಣ. ಗುಪ್ತಲಿಪಿ ಶುರು ಮಾಡಿ. ಜೂಲಿಯಸ್ ಸೀಸರ್ ತನ್ನ ಗುಟ್ಟಿನ ಕಾಗದಗಳಲ್ಲಿ ಪ್ರತಿ ಅಕ್ಷರದ ಬದಲು ಅದರಿಂದ ಮೂರನೆಯ ಅಕ್ಷರ ಬರೆಯುತ್ತಿದ್ದನಂತೆ. ಕನ್ನಡದಲ್ಲಿ ಒಂದೇ ಹೆಜ್ಜೆ ಸಾಕು. ಕಾಗುಣಿತ ಹಾಗೇ ಇರಲಿ, ವ್ಯಂಜನ ಮಾತ್ರ ವರ್ಣಮಾಲೆಯಲ್ಲಿ ಒಂದು ಮನೆ ಮುಂದಕ್ಕೆ ಹೋಗಲಿ. ಆಗ "ಮರ" ಎನ್ನುವುದು "ಯಲ" ಆಗುತ್ತದೆ, "ಮನೆ" ಎನ್ನುವುದು "ಯಪೆ". ಬೀಗದ ಕೈ ಏನು ಎನ್ನುವುದನ್ನು ಹಿಂದಿನ ಕಾಗದದಲ್ಲೇ ಕಳಿಸಿರಬೇಕು, ಮಜಾ ಇರುವುದೇ ಅಲ್ಲಿ. ನಿಂಬೆರಸದಲ್ಲಿ ಬರೆದ ಕಾಗದವೂ ಈ ವಯಸ್ಸಿಗೆ ಹಿಡಿಸುತ್ತದೆ. ಒಣಗಿದ ಮೇಲೆ ಕಾಣುವುದಿಲ್ಲ, ಬಿಸಿ ತಾಗಿದರೆ ರಸ ಇದ್ದ ಜಾಗ ಉಳಿದ ಹಾಳೆಗಿಂತ ಮೊದಲು ಕಂದಾಗುತ್ತದೆ. ಇಸ್ತ್ರಿ ಪೆಟ್ಟಿಗೆ ಹಿಡಿಯುವಾಗ ಮಾತ್ರ ದೊಡ್ಡವರು ಪಕ್ಕದಲ್ಲಿರಲಿ. ಇನ್ನೊಂದು, ಇಬ್ಬರೂ ಸೇರಿ ಬರೆಯುವ ಕತೆ. ನೀವು ಒಂದು ಪ್ಯಾರಾ ಬರೆದು, ಬಾಗಿಲು ತಟ್ಟಿದ ಸದ್ದು ಕೇಳಿದ ಕಡೆ ನಿಲ್ಲಿಸಿಬಿಡಿ. ಬಾಗಿಲು ತೆರೆಯುವವರು ಅವರು.

ಹದಿಹರೆಯದವರಿಗೆ ಉದ್ದ ಬೇಡ. ಅರ್ಧ ಪುಟ ಸಾಕು, ಮಾರ್ಕ್ಸ್ ಕೇಳಬೇಡಿ. ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದನ್ನು ಕೇಳಿ.

ಪ್ರಶ್ನೆ ಯಾರಿಗೇ ಆದರೂ ಒಂದೇ ಇರಲಿ, ಸಣ್ಣದಿರಲಿ. "ಸ್ಕೂಲ್ ಹೇಗಿದೆ" ಎಂದರೆ "ಚೆನ್ನಾಗಿದೆ" ಎಂದು ಬರುತ್ತದೆ. "ನಿನ್ನ ಬೆಂಚಿನಲ್ಲಿ ಪಕ್ಕ ಯಾರು ಕೂರ್ತಾರೆ, ಅವರ ಚೀಲದ ಬಣ್ಣ ಯಾವುದು" ಎಂದು ಕೇಳಿ ನೋಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಮೊಮ್ಮಗ 7 ವರ್ಷದವನಿದ್ದಾಗ ಒಂದು ಪುಟದ ಕಾಗದ ಬರೆದಿದ್ದ. ಅದರಲ್ಲಿ ನಾಲ್ಕು ತಪ್ಪು. ದಿನವಿಡೀ ಅಕ್ಷರ ತಿದ್ದಿಸುವ ಕೈ, ಸುಮ್ನೆ ಇರಲಿಲ್ಲ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾದದ್ದು ಬರೆದು, ಅದೇ ಹಾಳೆಯನ್ನು ವಾಪಸ್ ಕಳಿಸಿದೆ. ಎರಡು ತಿಂಗಳು ಕಾಗದ ಬರಲಿಲ್ಲ. ಕೊನೆಗೆ ಮಗಳು ಫೋನಿನಲ್ಲಿ ಹೇಳಿದಳು, "ಅಮ್ಮಾ, ಅಜ್ಜಿಗೆ ನನ್ನ ಕಾಗದ ಇಷ್ಟ ಆಗಿಲ್ಲ, ವಾಪಸ್ ಕೊಟ್ರು ಅಂತಾನೆ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಕ್ಷಮೆ ಕೇಳಿ ಬರೆದೆ. ಆಮೇಲೆ ತಪ್ಪನ್ನು ತೋರಿಸುವುದು ಬಿಟ್ಟೆ. ಅವನು "ಅಮೆ" ಎಂದು ಬರೆದರೆ ನನ್ನ ಉತ್ತರದಲ್ಲಿ "ನಿನ್ನ ಆಮೆ ಈಗ ಎಲ್ಲಿಗೆ ಹೋಯಿತು?" ಎಂದು ಕೇಳುತ್ತೇನೆ. ಸರಿಯಾದ ರೂಪ ಕಣ್ಣಿಗೆ ಬಿದ್ದರೆ ಸಾಕು, ಒಂದೆರಡು ಕಾಗದದಲ್ಲಿ ತಾನೇ ತಿದ್ದಿಕೊಳ್ಳುತ್ತಾನೆ. ವಕ್ರ ಅಕ್ಷರದಿಂದಲೂ ಲಾಭ ಇದೆ. 2012ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಜೊತೆಯವರು, ಓದು ಬಾರದ 5 ವರ್ಷದ ಮಕ್ಕಳ ಮೆದುಳಿನ ಸ್ಕ್ಯಾನ್ ತೆಗೆದು ನೋಡಿದರು. ಕೀಲಿ ಒತ್ತಿ ಅಥವಾ ಚುಕ್ಕಿಯ ಮೇಲೆ ತಿದ್ದಿ ಕಲಿತ ಅಕ್ಷರಕ್ಕಿಂತ, ತಾವೇ ಕೈಯಿಂದ ಬರೆದು ಕಲಿತ ಅಕ್ಷರ ಕಂಡಾಗ ಓದಿಗೆ ಬೇಕಾದ ಭಾಗಗಳು ಹೆಚ್ಚು ಚುರುಕಾಗಿದ್ದವು. ಹಾಗಾಗಿ ಮೊಮ್ಮಗು ಬರೆದ ಸೊಟ್ಟ ಕ ನೋಡಿ ಖುಷಿಪಡಿ.

ಈಗ ನಿಮ್ಮ ಕೈಯ ವಿಚಾರ. "ಬರೆಯೋಕೆ ಆಸೆ, ಬೆರಳು ಕೇಳಲ್ಲ" ಎನ್ನುವವರು ಬಹಳ. ಸಣ್ಣ ಪೆನ್ನು ಹಿಡಿದಷ್ಟೂ ಬೆರಳು ಬಿಗಿಯಾಗುತ್ತದೆ. ಪೆನ್ನಿಗೆ ಸ್ಪಂಜೋ ಬಟ್ಟೆಯೋ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ದಪ್ಪ ಮಾಡಿ. ಬಾಲ್ ಪೆನ್ನಿಗಿಂತ ಜೆಲ್ ಪೆನ್ನಿಗೆ ಒತ್ತಡ ಕಡಿಮೆ ಸಾಕು. ಸಂಧಿವಾತದವರಿಗೆ ಬೆಳಿಗ್ಗೆ ಎದ್ದಾಗ ಬಿಗಿತ ಜಾಸ್ತಿ, ಅದು ಸಡಿಲವಾದ ಮೇಲೆ ಕೂತುಕೊಳ್ಳಿ. ಕೈಯನ್ನು ಐದು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟರೆ ಇನ್ನೂ ಹಗುರ. ಹಾಳೆಯ ಕೆಳಗೆ ದಪ್ಪ ಫೈಲ್ ಇಟ್ಟು ಓರೆ ಮಾಡಿದರೆ ಮಣಿಕಟ್ಟಿಗೆ ಆರಾಮ. ಪಾರ್ಕಿನ್ಸನ್ಸ್ ಎಂಬ ಕೈ ನಡುಗಿಸುವ ನರದ ಕಾಯಿಲೆ ಇದ್ದವರ ಅಕ್ಷರ ಬರೆಯುತ್ತಾ ಹೋದಂತೆ ಚಿಕ್ಕದಾಗುತ್ತದೆ. ಅವರಿಗೆ ಅಗಲ ಗೆರೆಯ ಹಾಳೆ ಕೊಡಿ, ಗೆರೆ ಮುಟ್ಟಿಸಿ ಬರೆಯಲು ಹೇಳಿ, ಗಾತ್ರ ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ನಿಲ್ಲಿಸಿ. ಕಾಗದ ಒಂದೇ ದಿನ ಮುಗಿಯಬೇಕು ಅಂತೇನಿಲ್ಲ. ಏನೂ ಆಗದಿದ್ದರೆ ಇನ್ನೊಬ್ಬರ ಕೈಲಿ ಬರೆಸಿ, ಆದರೆ ಕೊನೆಯ ಹೆಸರು ನಿಮ್ಮದೇ ಕೈಯದಿರಲಿ, ಎಷ್ಟು ನಡುಗಿದರೂ ಸರಿ.

ಲಕೋಟೆಯ ಮೇಲೆ ಮೊಮ್ಮಗುವಿನ ಹೆಸರೇ ಬರೆಯಿರಿ. ಇಬ್ಬರಿದ್ದರೆ ಇಬ್ಬರಿಗೂ ಬೇರೆ ಬೇರೆ ಕಾಗದ ಹಾಕಿ, ಜಗಳ ತಪ್ಪುತ್ತದೆ. ಒಳಗೆ ವಿಳಾಸ ಬರೆದು ಸ್ಟಾಂಪು ಹಚ್ಚಿದ ಖಾಲಿ ಲಕೋಟೆ ಇಡಿ. ಎಷ್ಟೋ ಉತ್ತರ ಬರೆದಾಗಿಯೂ ಕವರ್ ಇಲ್ಲದೆ ಕಪಾಟಿನಲ್ಲೇ ಉಳಿದಿರುತ್ತದೆ. ಮಗನಿಗೋ ಸೊಸೆಗೋ ಹೇಳಬೇಕಾದದ್ದನ್ನು ಮಗುವಿನ ಕಾಗದದಲ್ಲಿ ಸೇರಿಸಬೇಡಿ. ಉತ್ತರ ಬರದಿದ್ದರೆ ತಗಾದೆ ಬೇಡ. ಹದಿನೈದು ದಿನಕ್ಕೊಂದು ಕಾರ್ಡು ಹಾಕುತ್ತಾ ಇರಿ, ಅಷ್ಟೇ.

ಎಲ್ಲಕ್ಕಿಂತ ಸುಲಭದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಹಾಳೆಯ ಮೇಲೆ ನಿಮ್ಮ ಅಂಗೈ ಇಟ್ಟು ಸುತ್ತ ಗೆರೆ ಎಳೆಯಿರಿ. ಅದರೊಳಗೆ ಮಗು ತನ್ನ ಕೈ ಇಟ್ಟು ಗೆರೆ ಎಳೆದು ವಾಪಸ್ ಕಳಿಸಲಿ. ತಾರೀಕು ಮಾತ್ರ ಮರೆಯಬೇಡಿ. ವರ್ಷಕ್ಕೊಂದು ಸಲ ಮಾಡಿ. ನನ್ನ ಮೊಮ್ಮಗ 4 ವರ್ಷದವನಿದ್ದಾಗ ಶುರು ಮಾಡಿದೆವು. ಆಗ ಅವನ ಇಡೀ ಕೈ ನನ್ನ ಗೆರೆಯೊಳಗೆ ಕೂತಿತ್ತು, ಅವನ ಬೆರಳ ತುದಿ ನನ್ನ ಬೆರಳ ಅರ್ಧವನ್ನೂ ಮುಟ್ಟಿರಲಿಲ್ಲ. ಈಗ ಅವನಿಗೆ 13. ಹೋದ ತಿಂಗಳು ಬಂದ ಹಾಳೆಯಲ್ಲಿ ಅವನ ಗೆರೆ ನನ್ನ ಗೆರೆಯನ್ನು ದಾಟಿ ಹೊರಗೆ ಬಂದಿದೆ. ನಡುಬೆರಳಿನ ತುದಿ ಹಾಳೆಯ ಅಂಚಿಗೆ ತಾಗಿದೆ. ಕೆಳಗೆ ಬರೆದಿದ್ದಾನೆ: "ಅಜ್ಜಿ, ಈ ಸಲ ನಿನ್ನ ಕೈಯೊಳಗೆ ಹಿಡಿಸ್ತಾ ಇಲ್ಲ. ಮುಂದಿನ ಸಲ ದೊಡ್ಡ ಹಾಳೆ ಕಳಿಸು."