ಮಗು ಮಲಗಿದೆ, ಕಿವಿ ಮಲಗಿಲ್ಲ

ಮಗು ಮಲಗಿದ ಮೇಲೆ ಜಗಳ ಆಡಿದರೆ ಪರವಾಗಿಲ್ಲ ಅಂತ ಎಷ್ಟೋ ಅಪ್ಪ ಅಮ್ಮಂದಿರು ನಂಬಿದ್ದಾರೆ. 2013ರಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 6ರಿಂದ 12 ತಿಂಗಳ 20 ಕೂಸುಗಳನ್ನು ನಿದ್ದೆಯಲ್ಲೇ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಒಂದು ಗಂಡು ದನಿಯನ್ನು ಕೇಳಿಸಿದರು. ಮಾತಿಗೆ ಅರ್ಥವೇ ಇರಲಿಲ್ಲ. ಧಾಟಿ ಮಾತ್ರ ಒಮ್ಮೆ ಖುಷಿಯದು, ಒಮ್ಮೆ ಸಿಟ್ಟಿನದು. ಜಗಳ ಜಾಸ್ತಿ ಇದ್ದ ಮನೆಯ ಕೂಸುಗಳಲ್ಲಿ ಸಿಟ್ಟಿನ ದನಿಗೆ ಮಿದುಳು ಹೆಚ್ಚು ಸ್ಪಂದಿಸಿತು. ಅದೂ ಒತ್ತಡ, ಭಾವನೆಗಳನ್ನು ನಿಭಾಯಿಸುವ ಭಾಗಗಳಲ್ಲಿ. 20 ಅಂದರೆ ಸಣ್ಣ ಲೆಕ್ಕ, ನಿಜ. ಆದರೂ "ಅದಕ್ಕೇನು ಗೊತ್ತಾಗುತ್ತೆ" ಅನ್ನುವ ಧೈರ್ಯ ಇನ್ನು ಬೇಡ.

ಹಾಗಂತ ಜಗಳವೇ ಆಡಬಾರದಾ? ಅದು ಆಗದ ಮಾತು. ಜಗಳ ಹೇಗೆ ಮುಗಿಯಿತು ಅನ್ನುವುದೇ ಮುಖ್ಯ ಅಂತ ನನಗನಿಸುತ್ತದೆ. ಮನಶ್ಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಮಕ್ಕಳಿಗೆ ದೊಡ್ಡವರ ಜಗಳದ ವಿಡಿಯೊ ತೋರಿಸಿ ಇದನ್ನು ಪರೀಕ್ಷಿಸಿದರು. ರಾಜಿಯಲ್ಲಿ ಮುಗಿದ ಜಗಳ ಕಂಡಾಗ ಮಕ್ಕಳ ಕಳವಳ ಇಳಿಯಿತು. ಮಾತು ಬಿಟ್ಟು ಮುಖ ಊದಿಸಿಕೊಂಡವರನ್ನು ಕಂಡರೆ? ಕೂಗಾಟವಿಲ್ಲದಿದ್ದರೂ ಮಕ್ಕಳಿಗೆ ಕಸಿವಿಸಿಯಾಯಿತು.

ಈ ಕಸಿವಿಸಿ ಎಲ್ಲ ಮಕ್ಕಳಲ್ಲೂ ಒಂದೇ ಥರ ಹೊರಬರುವುದಿಲ್ಲ. ಒಬ್ಬನಿಗೆ ಬೆಳಗಾದರೆ ಹೊಟ್ಟೆನೋವು. ಇನ್ನೊಬ್ಬ ಶಾಲೆಯಲ್ಲಿ ಪಕ್ಕದವನಿಗೆ ಹೊಡೆಯುತ್ತಾನೆ. ಮತ್ತೊಬ್ಬಳು ವಿಪರೀತ ಒಳ್ಳೆಯವಳಾಗುತ್ತಾಳೆ. ಅಪ್ಪನ ದನಿ ಸ್ವಲ್ಪ ಏರಿದರೆ ಸಾಕು, ಏನೋ ತಮಾಷೆ ಮಾಡುತ್ತಾಳೆ, ನೀರು ತಂದುಕೊಡುತ್ತಾಳೆ, ತಮ್ಮನನ್ನು ಆಚೆ ಕರೆದೊಯ್ಯುತ್ತಾಳೆ. ಎಲ್ಲ ತನ್ನಿಂದಲೇ ಅಂತ ಅವಳ ಎಣಿಕೆ. ಹೊಡೆಯುವವನ ಮೇಲೆ ದೂರು ಬರುತ್ತದೆ. ಇವಳಿಗೆ ಶಹಬ್ಬಾಸ್ ಸಿಗುತ್ತದೆ. ನನಗೆ ಜಾಸ್ತಿ ಚಿಂತೆ ಇವಳದೇ. (ಎಲ್ಲದಕ್ಕೂ ಅಪ್ಪ ಅಮ್ಮನನ್ನೇ ದೂರುವುದೂ ಸರಿಯಲ್ಲ. ಹುಟ್ಟಿನಿಂದಲೇ ಹಟಮಾರಿಯಾದ ಮಗು ಮನೆಯಲ್ಲಿ ಜಗಳ ಹೆಚ್ಚಿಸುವುದೂ ಉಂಟು.)

1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಇನ್ನೊಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ನೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ, ಕೊನೆಗೆ ಮುಖ ತಿರುಗಿಸುತ್ತದೆ. ತಾಯಿ ಮತ್ತೆ ಮಾತಾಡಿಸಿದಾಗ ನಿಧಾನಕ್ಕೆ ದಾರಿಗೆ ಬರುತ್ತದೆ. ಅನ್ಯೋನ್ಯವಾಗಿರುವ ತಾಯಿ ಮಗು ಕೂಡ ಆಡುವಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ತಾಳ ತಪ್ಪಿಯೇ ಇರುತ್ತಾರೆ ಅನ್ನುವುದೂ ಅವರಿಗೆ ಕಂಡಿತು. ತಪ್ಪಿದ ತಾಳವನ್ನು ಮತ್ತೆ ಮತ್ತೆ ಕೂಡಿಸಿಕೊಳ್ಳುವುದರಲ್ಲೇ ಮಗುವಿಗೆ ಧೈರ್ಯ ಬರುತ್ತದೆ.

ಹೊಡೆತ ಬಡಿತದ ಮಾತೇ ಬೇರೆ. ಅಲ್ಲಿ ರಾಜಿಯಿಂದ ಏನೂ ಸರಿಹೋಗದು, ಹೊರಗಿನವರ ನೆರವೇ ಬೇಕು. ಉಳಿದ ಜಗಳಗಳಲ್ಲಿ ಮಕ್ಕಳ ಎದುರೇ ರಾಜಿ ಆಗಬೇಕೆಂದೇನೂ ಇಲ್ಲ. ಕಮಿಂಗ್ಸ್ ಪ್ರಯೋಗಗಳಲ್ಲಿ ಬಾಗಿಲ ಹಿಂದೆ ಆದ ರಾಜಿಯೂ ಕೆಲಸ ಮಾಡಿತು. ಆಮೇಲೆ ಅದನ್ನು ಮಕ್ಕಳಿಗೆ ತಿಳಿಸಿದರೆ ಸಾಕಿತ್ತು.