ಒಣ ಎಲೆಯ ಮೇಲಿನ ಬೂದಿ

‘ಕೊಪ್ಪಳದ ಬಿಸಿಲಲ್ಲಿ ಶಿಲೀಂಧ್ರ ಎಲ್ಲಿ ಉಳಿದೀತು?’ ಎನ್ನುವವರು ಡಿಸೆಂಬರಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಲಾಬಿ ಪಾಲಿಹೌಸಿನೊಳಗೆ ಇಣುಕಬೇಕು. ಎಳೆ ಎಲೆ ಮುದುರಿರುತ್ತದೆ, ಮೊಗ್ಗಿನ ತೊಟ್ಟಿಗೆ ವಿಭೂತಿ ಬಳಿದಂತೆ ಬಿಳಿ ಪುಡಿ. ದೃಷ್ಟಿಯಾಯಿತೆಂದು ಬಾಗಿಲಿಗೆ ಬೂದುಗುಂಬಳ ಕಟ್ಟುವವರೂ ಉಂಟು. ಆ ಕಾಯಿಯ ಬೂದಿ ಬರೀ ಮೇಣ. ಗುಲಾಬಿಯ ಬೂದಿ ಪೊಡೊಸ್ಫೀರಾ ಪನ್ನೋಸ ಎಂಬ ಜೀವಂತ ಶಿಲೀಂಧ್ರ.

ಗುಲಾಬಿಯ ಇನ್ನೊಂದು ಶಿಲೀಂಧ್ರ ರೋಗವಾದ ಕಪ್ಪುಚುಕ್ಕೆ ಅಂಟಲು ಎಲೆ ಸುಮಾರು 7 ಗಂಟೆ ಒದ್ದೆಯಾಗಿರಬೇಕು. ಬೂದಿ ರೋಗಕ್ಕೆ ಆ ಹಂಗಿಲ್ಲ. ಅದರ ಬೀಜಕಣ ಬುತ್ತಿ ಕಟ್ಟಿಕೊಂಡು ಹೊರಟ ದಾರಿಹೋಕನಂತೆ ತನಗೆ ಬೇಕಾದ ನೀರನ್ನು ಒಡಲಲ್ಲೇ ಹೊತ್ತು ತರುತ್ತದೆ. ಎಲೆಯ ಮೇಲೆ ನೀರು ನಿಂತರೆ ಅದಕ್ಕೇ ತೊಂದರೆ. ಬೇಕಾದದ್ದು ಗಾಳಿಯ ತೇವ ಮಾತ್ರ. ಮಳೆ ತಡೆಯುವ ಪ್ಲಾಸ್ಟಿಕ್ ಚಾವಣಿ ಅದಕ್ಕೆ ಹೇಳಿ ಕಟ್ಟಿಸಿದ ಮನೆ!

ಆ ತೇವ ಬರುವುದೆಲ್ಲಿಂದ? ಮಧ್ಯಾಹ್ನ ಒಳಗೆ 30 ಡಿಗ್ರಿ, ಆರ್ದ್ರತೆ ಶೇ 50 ಇದೆ ಎನ್ನಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 15 ಗ್ರಾಂ ನೀರಾವಿ ಇದ್ದಂತಾಯಿತು. 18 ಡಿಗ್ರಿಯ ಗಾಳಿ ಹಿಡಿಯಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಪರದೆ ಮುಚ್ಚಿಕೊಂಡ ಪಾಲಿಹೌಸು ರಾತ್ರಿ 18ಕ್ಕೆ ಇಳಿದರೆ, ಒಂದು ಹನಿ ನೀರು ಸೇರಿಸದೆಯೇ ಆರ್ದ್ರತೆ ಶೇ 100ರ ಹತ್ತಿರ. ದೊಡ್ಡ ಕೊಡದ ನೀರನ್ನು ಚೊಂಬಿಗೆ ಸುರಿದಂತೆ: ನೀರು ಅಷ್ಟೇ, ಪಾತ್ರೆ ಕುಗ್ಗಿತು. ಹೊರಗಿನ ಗಾಳಿ ಹಾಗಲ್ಲ. 30 ಡಿಗ್ರಿಯಲ್ಲಿ ಆರ್ದ್ರತೆ ಶೇ 30 ಇದ್ದರೆ ಅದರಲ್ಲಿರುವುದು 9 ಗ್ರಾಂ ಮಾತ್ರ. ಅದು 18ಕ್ಕೆ ತಣಿದರೂ ಶೇ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾಗಿ ಮೊದಲ ಮದ್ದು ಪರದೆಯ ಹಗ್ಗ. ಸಂಜೆ 4ರಿಂದ 6ರವರೆಗೆ ಪಕ್ಕದ ಪರದೆ ಎತ್ತಿ ಒಳಗಿನ ಗಾಳಿ ಬದಲಾಗಲು ಬಿಡಬೇಕು. ಹನಿ ನೀರು ಬೆಳಿಗ್ಗೆಯೇ ಮುಗಿಯಬೇಕು. ಬಗ್ಗಿಸಿದ ಕೊಂಬೆಗಳ ಪೊದೆ ಸವರಿ, ಸಾರಜನಕ ಗೊಬ್ಬರ ತಗ್ಗಿಸಬೇಕು. ಅದು ಬರಿಸುವ ಮೆತ್ತನೆಯ ಚಿಗುರೆಂದರೆ ಈ ಶಿಲೀಂಧ್ರಕ್ಕೆ ಪ್ರಾಣ. ರೋಗದ ಚಿಗುರನ್ನು ಮೊದಲು ಚೀಲದಿಂದ ಮುಚ್ಚಿ ಆಮೇಲೆ ಕತ್ತರಿಸಿ. ಬರಿಗೈಲಿ ಕಿತ್ತು ಸಾಲಿನುದ್ದಕ್ಕೂ ಹೊತ್ತು ನಡೆದರೆ ಬಿತ್ತನೆ ಮಾಡಿದಂತೆಯೇ.

ಎರಡನೆಯದು ಗಂಧಕ. ಪೀಚ್ ಗಿಡದ ಬೂದಿಗೆ ಗಂಧಕವನ್ನು ಸಾಬೂನು ನೀರಲ್ಲಿ ಕಲಸಿ ಬಳಸಬಹುದೆಂದು ತೋಟಗಾರ ಜಾನ್ ರಾಬರ್ಟ್‌ಸನ್ 1820ರ ದಶಕದಲ್ಲೇ ಹೇಳಿದ್ದ. ಈ ಶಿಲೀಂಧ್ರದ ಮೈಯೆಲ್ಲ ಎಲೆಯ ಹೊರಗಿರುತ್ತದೆ. ಹೀರುಕೊಳವೆಗಳಷ್ಟೇ ಹೊರಪದರದ ಜೀವಕೋಶದೊಳಗೆ. ಹಾಗಾಗಿ ಮೇಲೆ ಬಿದ್ದ ಗಂಧಕ ನೇರ ತಾಗುತ್ತದೆ. ನೀರಲ್ಲಿ ಬೆರೆಯುವಂತೆ ಮಾಡಿದ ಶೇ 80ರ ಗಂಧಕ ಲೀಟರಿಗೆ 2 ಗ್ರಾಂ, 20 ಲೀಟರ್ ಟ್ಯಾಂಕಿಗೆ 40. ಬಿಸಿಲೇರಿ 30 ಡಿಗ್ರಿ ದಾಟಿದ ಮೇಲೆ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರವಾಗದಿದ್ದರೂ ಅದೇ ಗತಿ. ಹೆಕ್ಸಾಕೊನಜೋಲ್ ಎಂಬ ಶಿಲೀಂಧ್ರನಾಶಕ (ಲೀಟರಿಗೆ 1 ಮಿ.ಲೀ.) ಕೆಲಸ ಮಾಡುವುದು ಒಂದೇ ಬೀಗಕ್ಕೆ ಒಂದೇ ಕೀಲಿಯಂತೆ. ಅದನ್ನೇ ಮತ್ತೆ ಮತ್ತೆ ಹೊಡೆದರೆ, ಬೀಗ ಬದಲಾದ ಶಿಲೀಂಧ್ರದ ತಳಿಗಳಷ್ಟೇ ಬದುಕುಳಿದು ತೋಟ ತುಂಬುತ್ತವೆ. ಗಂಧಕದ ಏಟು ಹಲವು ಕಡೆ ಬೀಳುವುದರಿಂದ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ.

ಎಲೆಯ ಮೇಲೆ ನೇರಳೆಗೆಂಪು ಕಲೆ ಮೂಡಿ ಎಲೆ ಥಟ್ಟನೆ ಉದುರಿದರೆ ಮಾತ್ರ ಗಂಧಕ ಕೆಳಗಿಡಿ. ಅದು ತುಪ್ಪಟ ರೋಗ, ಪೆರೊನೊಸ್ಪೋರಾ ಸ್ಪಾರ್ಸಾ. ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗಳ ನೆಂಟ; ಗಂಧಕಕ್ಕೂ ಹೆಕ್ಸಾಕೊನಜೋಲಿಗೂ ಬಗ್ಗದು.